ಬೆವರಿದ ಬಿಲ್ಲೆಗಳು

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಎಂಟೂವರೆ. ಕಿಲ್‌ಬ್ರೆ ಪೊಲೀಸ್ ಠಾಣೆಯ ಕೌಂಟರಿನ ಮೇಲೆ ಕಪ್ಪು ಕೋಟಿನ ಹೆಂಗಸೊಬ್ಬಳು ದೊಡ್ಡದೊಂದು ಗಾಜಿನ ಪಾತ್ರೆಯನ್ನು ಠಪ್ಪೆಂದು ಇಟ್ಟಳು. ಒಳಗೆ ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ. ಯಾರೂ ಚಮಚ ಹಾಕಿರಲಿಲ್ಲ.

"ಇದನ್ನ ತಂದುಕೊಟ್ಟೋನ ಮೇಲೆ ದೂರು ಬರ್ಕೊಳ್ಳಿ."

ಕಾನ್‌ಸ್ಟೆಬಲ್ ಡಿರ್ಕ್ ಫೇರ್ ಪಾತ್ರೆಯನ್ನು ಮೂಸಿ ನೋಡಿದ. "ಹಳಸಿದೆಯಾ ಅಮ್ಮಾ?"

"ತಂದೋನು ಹಳಸಿದಾನೆ."

ಅವಳು ಗ್ರಾಸಾ ಮೆಡೆಯ್ರೋಸ್. ಗುರುವಾರ ಮಧ್ಯಾಹ್ನ ಊರಾಚೆಯ ಟ್ರಾಕ್ಟರ್ ಕ್ಯಾಬಿನ್ ಕಾರ್ಖಾನೆಯಲ್ಲಿ ಸತ್ತ ಅಡೆಲಿನೋ ಮೆಡೆಯ್ರೋಸನ ಹೆಂಡತಿ. ಪತ್ರಿಕೆ ಅದನ್ನು ಅಪಘಾತ ಎಂದಿತ್ತು. ಪೊಲೀಸರೂ ಹಾಗೆಯೇ ಬರೆದುಕೊಂಡು ಬಂದಿದ್ದರು. ಬರೆದವನು ಇದೇ ಫೇರ್.

ಒಳಗಿನಿಂದ ಡಿಟೆಕ್ಟಿವ್ ಸಾರ್ಜೆಂಟ್ ಲೋರ್ನಾ ಪೆಟ್ರಿಶಿನ್ ಬಂದಳು. ಐವತ್ತು ದಾಟಿದ, ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸದ ಹೆಂಗಸು. ಹಾಗೆ ಬಿಟ್ಟರೆ ಜನ ಹೇಳಬಾರದ್ದನ್ನೂ ಹೇಳಿಬಿಡುತ್ತಾರೆ ಎನ್ನುವುದು ಅವಳ ಅನುಭವ.

"ಯಾರು ತಂದಿದ್ದು?"

"ಕಾರ್ಖಾನೆ ಸೂಪರಿಂಟೆಂಡೆಂಟ್ ಸ್ಟ್ರಾನ್. ನಿನ್ನೆ ಸಂಜೆ. ಸಾವಿನ ಮನೆ ಅಂತ ಟೋಪಿ ತೆಗೆದ, ಕೂತ, ಕಾಫಿ ಕುಡಿದ. ಆಮೇಲೆ ಮೆಲ್ಲಗೆ ಅಂದ, 'ತಪ್ಪು ಅಡೆಲಿನೋದೇ, ಗಾಡಿ ನಿಲ್ಲಿಸೋ ತಡೆಗೆ ಹಾಕಿ ಆಟದ ಬಿಲ್ಲೆ ಸಿಕ್ಕಿಸ್ತಿದ್ದೋನು ಅವನೇ, ಅವನ ಲಾಕರ್ ತುಂಬ ಬಿಲ್ಲೆ ಇವೆ. ನೀವು ವಕೀಲರ ಹತ್ರ ಹೋದ್ರೆ ಇದೆಲ್ಲ ಹೊರಗೆ ಬರುತ್ತೆ, ನೋಡಿ' ಅಂತ."

"ನಿಮ್ಮ ಗಂಡ ಹಾಕಿ ಆಡ್ತಿದ್ರಾ?"

"ಅಡೆಲಿನೋ?" ಗ್ರಾಸಾ ನಕ್ಕೇಬಿಟ್ಟಳು, ನಕ್ಕದ್ದಕ್ಕೆ ಅವಳಿಗೇ ಸಿಟ್ಟು ಬಂತು. "ಮೂವತ್ತು ವರ್ಷ ಈ ದೇಶದಲ್ಲಿದ್ದೂ ಐಸಿನ ಮೇಲೆ ಕಾಲಿಟ್ಟೋನಲ್ಲ. ಪೊರಕೆ ಹಿಡ್ಕೊಂಡು ಜಗಳ ಆಡೋದನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ ಅನ್ನೋನು. ಸೋಮವಾರ ಮಣ್ಣು. ಇಗರ್ಜಿಲಿ ಜನ ನನ್ನ ಮುಖ ನೋಡಿ, ಪಾಪ, ಗಂಡ ಮಾಡ್ಕೊಂಡಿದ್ದನ್ನ ಉಂಡ ಅಂತ ಪಿಸುಗುಡ್ತಾರೆ. ಅದು ನಂಗೆ ಬೇಡ. ಸತ್ತೋನ ಮೇಲೆ ಸುಳ್ಳು ಹೇರಿ ಮಣ್ಣು ಮಾಡೋಕೆ ನಾನು ಬಿಡಲ್ಲ."

ದೂರು ದಾಖಲಾಯಿತು. ಗ್ರಾಸಾ ಲಾಕರಿನ ಕೀಲಿಯನ್ನು ಕೊಟ್ಟು, ಪಾತ್ರೆಯನ್ನು ಅಲ್ಲೇ ಬಿಟ್ಟು ಹೋದಳು. ಪೆಟ್ರಿಶಿನ್ ಫೋನಿನಲ್ಲೇ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಪಡೆದಳು. ಆಮೇಲೆ ಕಾರ್ಖಾನೆಗೇ ಫೋನು ಮಾಡಿ, ಒಂದು ಗಂಟೆಯಲ್ಲಿ ಬರುತ್ತೇವೆ, ಅಡೆಲಿನೋನ ಲಾಕರ್ ತೆಗೆಯಬೇಕು ಎಂದು ವಿನಯದಿಂದ ತಿಳಿಸಿದಳು.

ಫೇರ್‌ಗೆ ಉರಿಯಿತು. "ಇದೇನು ಮೇಡಂ, ಕಳ್ಳನಿಗೆ ಬಾಗಿಲು ಬಡಿದು ಎಚ್ಚರಿಸಿದ ಹಾಗಾಯ್ತಲ್ಲ!"

"ಬಿಲ್ಲೆಗಳು ಆಗಲೇ ಅಲ್ಲಿದ್ರೆ ಹೇಳಿ ಹೋದ್ರೆ ನಷ್ಟವಿಲ್ಲ. ಇಲ್ಲದಿದ್ರೆ, ಪಾಪ, ತಂದಿಡೋಕೆ ಅವನಿಗೂ ಟೈಮ್ ಬೇಕಲ್ಲಯ್ಯಾ."

ಕಾರ್ಖಾನೆಯ ಲೈನು ಗುರುವಾರದಿಂದ ನಿಂತಿತ್ತು. ಬಣ್ಣ ಒಣಗಿಸುವ ಒಲೆಗಳನ್ನು ಮಾತ್ರ ಆರಿಸಿರಲಿಲ್ಲ. ಆರಿಸಿದರೆ ಮತ್ತೆ ಬಿಸಿಯಾಗಲು ಎರಡು ದಿನ ಬೇಕು, ಸೋಮವಾರ ಬೆಳಿಗ್ಗೆ ಲೈನು ಶುರುವಾಗಲೇಬೇಕು. ಸತ್ತವನಿಗೆ ಮಣ್ಣು ಮಾಡುವ ದಿನವೇ. ಅದನ್ನು ಯಾರಾದರೂ ಗಮನಿಸಿದ್ದರೋ ಇಲ್ಲವೋ, ಗಮನಿಸಿದ್ದರೆ ಬಾಯಿಬಿಟ್ಟಿರಲಿಲ್ಲ.

ಕೆಲಸಗಾರರ ಪರವಾಗಿ ಜೊತೆಗೆ ಬಂದವಳು ಡೆಲ್ಫಿನ್ ಓಕ್ವಾನ್, ಕ್ಯಾಬಿನ್ನುಗಳನ್ನು ಲೈನಿಗೆ ತೂಗುಹಾಕುವ ಗಟ್ಟಿ ತೋಳಿನ ಹೆಂಗಸು. ಪೆಟ್ರಿಶಿನ್ ಸೂರಿನ ಕಡೆ ಕೈ ತೋರಿಸಿದಳು.

"ನಂಗೆ ಅರ್ಥ ಆಗೋ ಹಾಗೆ ಹೇಳಿ."

"ಎರಡು ಹಳಿ ನೋಡಿ, ಒಂದರ ಕೆಳಗೊಂದು. ಮೇಲಿನದ್ರಲ್ಲಿ ಸರಪಳಿ, ಲೈನು ನಡೀತಿರೋವರೆಗೆ ಅದು ನಿಲ್ಲೋದೇ ಇಲ್ಲ. ಕೆಳಗಿನದ್ರಲ್ಲಿ ಗಾಡಿಗಳು. ಸರಪಳಿಯ ಕೊಕ್ಕೆ ಗಾಡಿ ಮೂಗನ್ನ ತಳ್ಕೊಂಡು ಹೋಗುತ್ತೆ. ನಿಲ್ಲಿಸ್ಬೇಕು ಅಂದ್ರೆ ಈ ಹಿಡಿ ಎಳೀಬೇಕು. ಅಲ್ಲಿ ತಡೆಯ ಅಲಗು ಹಳಿಗೆ ಅಡ್ಡ ಬರುತ್ತೆ, ಮೂಗು ಬಗ್ಗುತ್ತೆ, ಕೊಕ್ಕೆ ತಪ್ಪುತ್ತೆ. ಗಾಡಿ ನಿಂತ್ಕೊಳ್ಳುತ್ತೆ, ಸರಪಳಿ ತನ್ನ ಪಾಡಿಗೆ ಹೋಗ್ತಿರುತ್ತೆ. ಹಿಂದಿನ ಗಾಡಿ ಬಂದು ಮುಂದಿನದ್ರ ಬಾಲಕ್ಕೆ ಮೂಗು ತಾಗಿಸಿ ತಾನೂ ನಿಲ್ಲುತ್ತೆ. ದನ ನೀರಿಗೆ ಸಾಲು ನಿಂತ ಹಾಗೆ."

"ಅವರು ಸತ್ತಿದ್ದು?"

"ಅಲ್ಲಿ, ಕವಲಲ್ಲಿ. ಗಾಡಿ ಒಂದು ಸರಪಳಿಯಿಂದ ಇನ್ನೊಂದಕ್ಕೆ ದಾಟೋ ಜಾಗ. ಒಂದು ದಾಟೋವರೆಗೆ ಹಿಂದಿನದನ್ನ ಈ ತಡೆ ಹಿಡ್ಕೊಂಡಿರ್ಬೇಕು."

ಗುರುವಾರ ಒಂದು ಗಾಡಿ ಕವಲಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಅಡೆಲಿನೋ ಕೊಕ್ಕೆಗೋಲು ಹಿಡಿದು ಮೆಟ್ಟಿಲೇರಿದ್ದ. ಹಿಂದಿನ ಗಾಡಿ, ಅರ್ಧ ಟನ್ನಿನ ಕ್ಯಾಬಿನ್ ಹೊತ್ತದ್ದು, ನಿಲ್ಲದೆ ಬಂದು ಅವನ ಬೆನ್ನಿಗೆ ಬಡಿದಿತ್ತು. ತಡೆಯ ಕೆಳಗೆ ನೆಲದಲ್ಲಿ ಐಸ್ ಹಾಕಿಯ ಕಪ್ಪು ರಬ್ಬರ್ ಬಿಲ್ಲೆಯೊಂದು ಕಾರ್ಮಿಕ ಇಲಾಖೆಯವರಿಗೆ ಸಿಕ್ಕಿತ್ತು. ಅದರ ಅಂಚಿನಲ್ಲಿ ಅಲಗಿನ ಗುರುತು. ಬಿಲ್ಲೆ ಸಿಕ್ಕಿಸಿದರೆ ಅಲಗು ಹಳಿಗೆ ಬರುವುದಿಲ್ಲ, ಗಾಡಿ ನಿಲ್ಲುವುದಿಲ್ಲ.

"ಹಿಡಿ ಹೇಗಿತ್ತು?"

"ಪೂರ್ತಿ ಎಳೆದಿತ್ತು. ಇಲಾಖೆಯವ್ರು ಅದ್ರದ್ದೂ ಫೋಟೋ ತೆಗೆದ್ರು."

ಪೆಟ್ರಿಶಿನ್ ಫೇರ್ ಕಡೆ ತಿರುಗಿದಳು. "ತಾನೇ ಬಿಲ್ಲೆ ಸಿಕ್ಕಿಸಿದೋನು ಹಿಡಿ ಎಳೆದು, ಗಾಡಿ ನಿಲ್ಲುತ್ತೆ ಅಂತ ನಂಬಿ ಬೆನ್ನು ಕೊಡ್ತಾನೇನಯ್ಯಾ?"

ಗುರುವಾರ ಆ ಹಿಡಿಯನ್ನು ಫೇರ್ ಕೂಡ ನೋಡಿದ್ದ.

ಸೂಪರಿಂಟೆಂಡೆಂಟ್ ವೆಂಡೆಲ್ ಸ್ಟ್ರಾನ್ ಲಾಕರ್ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದ. ಊರಿನ ಮಕ್ಕಳ ಹಾಕಿ ತಂಡಕ್ಕೆ ಅವನೇ ಕೋಚ್. ಸಂಜೆ ಪಂದ್ಯವಿದ್ದದ್ದರಿಂದ ತಂಡದ ಕೋಟನ್ನೇ ತೊಟ್ಟಿದ್ದ. ಕೋಣೆಯ ಗೋಡೆಯಾಚೆ ಬಣ್ಣದ ಒಲೆ. ಒಳಗೆ ಹೋಗುತ್ತಲೇ ಫೇರ್‌ಗೆ ಕೊರಳಪಟ್ಟಿ ಸಡಿಲಿಸಬೇಕಾಯಿತು.

"ಅಡೆಲಿನೋ ಒಳ್ಳೆ ಮನುಷ್ಯ," ಎಂದ ಸ್ಟ್ರಾನ್. "ಸ್ವಲ್ಪ ಅವಸರದವನು."

"ಈ ಲಾಕರಿನ ಇನ್ನೊಂದು ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ. ಎಲ್ಲದರದ್ದೂ."

"ಅವರು ಸತ್ತ ಮೇಲೆ ಇದನ್ನ ತೆಗೆದಿದ್ರಾ?"

"ಗುರುವಾರ ಸಂಜೆ ಒಂದ್ಸಲ. ಆಗಲೇ ಬಿಲ್ಲೆ ನೋಡಿದ್ದು. ಮತ್ತೆ ಮುಟ್ಟಿಲ್ಲ."

ಡೆಲ್ಫಿನ್ ಮತ್ತು ಕ್ಯಾಂಟೀನಿನ ಅಡುಗೆಯವನನ್ನು ಸಾಕ್ಷಿಗಳಾಗಿ ನಿಲ್ಲಿಸಿ ಮಹಜರು ಶುರುವಾಯಿತು. ಲಾಕರಿನಲ್ಲಿ ಜಪಮಣಿ, ಉಣ್ಣೆಯ ಕಾಲುಚೀಲ, ಒಂದು ಡಬ್ಬಿ ಸಾರ್ಡೀನ್ ಮೀನು, ಕೆಳಗೆ ಪ್ಲಾಸ್ಟಿಕ್ ಚೀಲ. ಫೇರ್ ಕೈಗವಸು ತೊಟ್ಟು ಚೀಲವನ್ನು ಎತ್ತಿದ. ಎತ್ತಿದವನು ಹಾಗೇ ನಿಂತ.

"ಏನಯ್ಯಾ?"

"ಬೆವರ್ತಾ ಇವೆ ಮೇಡಂ."

ಚೀಲದೊಳಗಿನ ಬಿಲ್ಲೆಗಳ ಮೈಮೇಲೆ ಹನಿ ಕೂತಿತ್ತು. ಚೀಲವಿದ್ದ ಜಾಗದಲ್ಲಿ ಕಾಲುಚೀಲ ಒದ್ದೆಯಾಗಿತ್ತು. ಫೇರ್ ಹದಿನೆಂಟು ವರ್ಷದವರೆಗೆ ಗೋಲ್‌ಕೀಪರ್ ಆಗಿ ಆಡಿದವನು. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಬೇರೇನೋ ಬಂತು.

"ಇವನ್ನ ಫ್ರೀಜರಿನಲ್ಲಿಡ್ತಾರೆ ಮೇಡಂ. ಪಂದ್ಯದ ದಿನ. ತಣ್ಣಗಿದ್ರೆ ಪುಟಿಯಲ್ಲ, ಐಸಿನ ಮೇಲೆ ನೆಟ್ಟಗೆ ಜಾರುತ್ತೆ. ಆಡೋರ ಮನೇಲೆಲ್ಲ ಬಟಾಣಿ ಪಕ್ಕದಲ್ಲಿ ಬಿಲ್ಲೆ ಇರುತ್ತೆ."

"ಆಡದೇ ಇರೋರು?"

"ಅವ್ರ ಮನೇಲಿ ಬರೀ ಬಟಾಣಿ."

ಪೆಟ್ರಿಶಿನ್ ಅಡುಗೆಯವನನ್ನು ಓಡಿಸಿ, ಸೂಪಿನ ಬಿಸಿ ನೋಡುವ ಥರ್ಮಾಮೀಟರ್ ತರಿಸಿದಳು. ಬಿಲ್ಲೆಗಳ ನಡುವೆ ಅದು ಸೊನ್ನೆಗಿಂತ ಕೆಳಗೆ ನಿಂತಿತು. ಕೋಣೆಯಲ್ಲಿ ಮೂವತ್ತೊಂದು ಡಿಗ್ರಿ. ಎರಡೂ ಮಹಜರಿನಲ್ಲಿ ದಾಖಲಾದವು. ಕ್ಯಾಂಟೀನಿನ ಫ್ರೀಜರಿನಲ್ಲಿ ತಂಡದ ಹೆಸರು ಬರೆದ ಐಸ್‌ಕ್ರೀಂ ಡಬ್ಬಿಯೊಂದು ಖಾಲಿಯಾಗಿ ಸಿಕ್ಕಿತು.

"ಬೆಳಿಗ್ಗೆ ತುಂಬಿತ್ತು," ಎಂದ ಅಡುಗೆಯವನು. "ನಾನೇ ಪಕ್ಕಕ್ಕೆ ಸರಿಸಿ ಮೀನಿಗೆ ಜಾಗ ಮಾಡಿದ್ದೆ."

ಸ್ಟ್ರಾನ್ ತನ್ನ ಕೋಟಿನ ಜಿಪ್ಪನ್ನು ಮೇಲೆಳೆದ. ಆ ಸೆಕೆಯಲ್ಲಿ.

ಡೆಲ್ಫಿನ್ ಮಾತಾಡತೊಡಗಿದ್ದು ಆಗಲೇ. "ಈ ತಡೆ ಚಳಿಗಾಲದಿಂದ ಸಿಕ್ಕಿಹಾಕ್ಕೊಳ್ತಿತ್ತು ಸಾರ್ಜೆಂಟ್. ಅಲಗು ಒಳಗೆ ಬಂದ್ರೆ ವಾಪಸ್ ಹೋಗ್ತಿರ್ಲಿಲ್ಲ, ಸಾಲೆಲ್ಲ ನಿಂತುಬಿಡೋದು. ಅದಕ್ಕೆ ಇವ್ನೇ ಏಣಿ ಹತ್ತಿ ಬಿಲ್ಲೆ ಸಿಕ್ಕಿಸ್ದ. ಆಮೇಲೆ ನಮ್ಗೂ ಸಿಕ್ಕಿಸೋಕೆ ಹೇಳ್ದ. ಅದಿದೆ ಅಂತ ಗೊತ್ತಿದ್ದೋರು ಕವಲಿಗೆ ಹೋಗೋ ಮೊದ್ಲು ಸರಪಳೀನೇ ನಿಲ್ಲಿಸ್ತಿದ್ವಿ."

"ಅಡೆಲಿನೋಗೆ ಗೊತ್ತಿರಲಿಲ್ವಾ?"

"ಅವ್ನು ಬಣ್ಣದ ಕಡೆಯೋನು. ಈ ವಾರ ಇಲ್ಲಿಗೆ ಹಾಕಿದ್ರು."

"ಯಾರೂ ಹೇಳಲಿಲ್ವಾ?"

ಡೆಲ್ಫಿನ್ ನೆಲ ನೋಡಿದಳು. "ಬೇರೆ ಯಾರೋ ಹೇಳಿರ್ತಾರೆ ಅಂದ್ಕೊಂಡೆ."

"ಎರಡು ದಿನದಿಂದ ಬಾಯಿ ಯಾಕೆ ಬಿಡ್ಲಿಲ್ಲ?" ಫೇರ್ ರೇಗಿದ.

"ನೀನು ಗುರುವಾರ ಬಂದಾಗ ನನ್ನನ್ನ ಏನಾದ್ರೂ ಕೇಳಿದ್ಯೇನಪ್ಪಾ?" ಎಂದು ಅವಳೂ ರೇಗಿದಳು. "ಇವ್ನ ಜೊತೆ ಹಾಕಿ ಆಟದ ಮಾತಾಡ್ಕೊಂಡು ಹೋದೆ!"

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ ನಡೆಯಿತು. ಉತ್ತರ ಕೊಡಬೇಡಿ ಎಂದು ಪಕ್ಕದಲ್ಲಿ ಕೂತ ವಕೀಲ ಹೇಳುತ್ತಿದ್ದರೂ ಸ್ಟ್ರಾನ್ ಉತ್ತರಿಸಿದ.

"ತಡೆಗೆ ಬಿಲ್ಲೆ ಇಟ್ಟಿದ್ದು ನೀವೇನಾ?"

"ಎಲ್ಲರೂ ಇಡ್ತಿದ್ರು."

"ಇವತ್ತು ಲಾಕರಿನಲ್ಲಿ?"

ವಕೀಲ ಕೆಮ್ಮಿದ. ಸ್ಟ್ರಾನ್ ಮೇಜನ್ನೇ ನೋಡುತ್ತ, "ನಾನೇ," ಎಂದ.

"ತಡೆ ಯಾಕೆ ರಿಪೇರಿ ಮಾಡಿಸಲಿಲ್ಲ? ಹೊಸ ಅಲಗು ಸಿಗಲಿಲ್ವಾ?"

"ಸಿಕ್ಕಿತ್ತು. ಸ್ಟೋರಿನಲ್ಲಿದೆ. ಹಾಕೋಕೆ ಲೈನು ಅರ್ಧ ದಿನ ನಿಲ್ಲಿಸ್ಬೇಕಿತ್ತು."

"ನಿಲ್ಲಿಸೋದು ಯಾರ ಕೈಯಲ್ಲಿತ್ತು?"

"ನನ್ನ ಕೈಯಲ್ಲೇ."

ಸಂಜೆ ನಾಲ್ಕಕ್ಕೆ ವೆಂಡೆಲ್ ಸ್ಟ್ರಾನ್‌ನನ್ನು ಬಂಧಿಸಲಾಯಿತು: ಸಾವಿಗೆ ಕಾರಣವಾದ ಕ್ರಿಮಿನಲ್ ನಿರ್ಲಕ್ಷ್ಯ, ಸುಳ್ಳು ಸಾಕ್ಷ್ಯ ಸೃಷ್ಟಿ. ತಡೆ ಸರಿಹೋಗಿ ಪರೀಕ್ಷೆಯಾಗುವವರೆಗೆ ಲೈನು ತೆರೆಯಬಾರದೆಂದು ಕಾರ್ಮಿಕ ಇಲಾಖೆ ಆಜ್ಞೆ ಹೊರಡಿಸಿತು. ಕಂಪನಿಯ ಕೇಂದ್ರ ಕಚೇರಿ ಸಂತಾಪ ಸೂಚಿಸಿ, ಸುರಕ್ಷತೆಯೇ ತನ್ನ ಮೊದಲ ಆದ್ಯತೆ ಎಂದಿತು. ಎರಡನೆಯದು ಯಾವುದೆಂದು ಹೇಳಲಿಲ್ಲ.

ಪೆಟ್ರಿಶಿನ್ ಗ್ರಾಸಾಳ ಮನೆಗೆ ಹೋದಳು. ಒಳಗೆ ಹತ್ತಾರು ಜನ, ಮೀನಿನ ಸಾರಿನ ವಾಸನೆ.

"ಅಡೆಲಿನೋ ಹಿಡಿ ಎಳೆದಿದ್ನಾ?" ಗ್ರಾಸಾ ಬಾಗಿಲಲ್ಲೇ ಕೇಳಿದಳು.

"ಪೂರ್ತಿ ಎಳೆದಿದ್ರು. ಅವರು ಮಾಡ್ಬೇಕಾಗಿದ್ದನ್ನೆಲ್ಲ ಮಾಡಿದ್ರು. ನಿಲ್ಲಿಸಬೇಕಾದ್ದು ನಿಲ್ಲಲಿಲ್ಲ."

"ಜೋರಾಗಿ ಹೇಳಿ. ಒಳಗಿರೋರಿಗೂ ಕೇಳಲಿ."

ಪೆಟ್ರಿಶಿನ್ ಜೋರಾಗಿ ಹೇಳಿದಳು.

ಸ್ಟ್ರಾನ್ ದುಷ್ಟನಾಗಿರಲಿಲ್ಲ ಎಂದು ಊರಿನಲ್ಲಿ ಈಗಲೂ ಹಲವರು ಹೇಳುತ್ತಾರೆ. ಅವನ ಹೇಳಿಕೆ ಓದಿದರೆ ಅದು ಸುಳ್ಳೆಂದೂ ಅನಿಸುವುದಿಲ್ಲ. ಅವನು ಮೊದಲು ಕೆಲಸಕ್ಕಿದ್ದ, ಅಡುಗೆ ಒಲೆ ತಯಾರಿಸುವ ಕಾರ್ಖಾನೆ ಮುಚ್ಚಿದಾಗ ಗೇಟಿಗೆ ಬೀಗ ಹಾಕಿದವನು ಅವನೇ. ಇಲ್ಲಿ ಪ್ರತಿ ವಾರ ಕೇಂದ್ರ ಕಚೇರಿಯವರು, ದಕ್ಷಿಣದಲ್ಲಿರುವ ತಮ್ಮ ಇನ್ನೊಂದು ಕಾರ್ಖಾನೆಯ ವೇಗವನ್ನು ಇವರ ವೇಗದ ಪಕ್ಕದಲ್ಲಿಟ್ಟು ಪರದೆಯ ಮೇಲೆ ತೋರಿಸುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ, ತೋರಿಸುತ್ತಿದ್ದರು ಅಷ್ಟೇ. ಇನ್ನೊಂದು ಗೇಟಿಗೂ ಬೀಗ ಹಾಕಬೇಕಾದೀತು ಎನ್ನುವ ಭಯದಲ್ಲಿ ಅವನು ಏಣಿ ಹತ್ತಿದ. ಆ ಪರದೆ ತೋರಿಸಿದವರ ಮೇಲೆ ಯಾವ ಕಲಮನ್ನೂ ಹಾಕಲು ಪೆಟ್ರಿಶಿನ್‌ಗೆ ದಾರಿ ಸಿಗಲಿಲ್ಲ.

ಭಾನುವಾರ ಇಬ್ಬರು ಮೆಕ್ಯಾನಿಕ್‌ಗಳು ಸ್ಟೋರಿನಿಂದ ಹೊಸ ಅಲಗನ್ನು ತಂದು ಕೂರಿಸಿದರು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.