ನಾಲ್ಕನೆಯ ಪಿಟೀಲು

ಮೈಸೂರಿನ ಆ ಧ್ವನಿಮುದ್ರಣ ಕೇಂದ್ರದಲ್ಲಿ ನಾಲ್ಕನೆಯ ಕಂಪ್ಯೂಟರನ್ನು ಚಾಲೂ ಮಾಡಿದ ಕೂಡಲೇ ಅದರ ಪಿಟೀಲು ನಿಂತುಹೋಯಿತು. ಕಹಳೆ, ಕೊಳಲು, ನಗಾರಿ ನುಡಿಯುತ್ತಲೇ ಇದ್ದವು. ಪಿಟೀಲಿನ ಜಾಗ ಮಾತ್ರ ಹಲ್ಲು ಬಿದ್ದ ಬಾಯಿಯಂತೆ ಖಾಲಿ.

"ಸರಿಯಾಗಿ ಕೆಲಸ ಮಾಡ್ತಿದೆ," ಎಂದರು ವಾಗ್ದೇವಿ ಅರಸ್. ಪಿಟೀಲನ್ನು ನಿಲ್ಲಿಸಿದ ಯಂತ್ರವನ್ನು ಕಂಡುಹಿಡಿದವರು ಅವರೇ. ಅದರ ಹೆಸರು ನಾದಬೀಗ.

ಆ ಕಾಲಕ್ಕೆ ವಾದ್ಯವೃಂದಗಳು ಉಳಿದಿರಲಿಲ್ಲ. ವಾದಕರ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಮುದ್ರಿಸಿ ವೃಂದಕೋಶ ಎಂಬ ಭಂಡಾರದಲ್ಲಿ ತುಂಬಿಟ್ಟಿದ್ದರು. ಸಂಗೀತ ನಿರ್ದೇಶಕರು ಅದರಿಂದ ಸ್ವರಗಳನ್ನು ಹೆಕ್ಕಿ ಹಾಡು ಕಟ್ಟುತ್ತಿದ್ದರು. ಒಬ್ಬ ವಾದಕನ ನಾದ ಊರಿನಲ್ಲಿ ಏಕಕಾಲಕ್ಕೆ ಮೂರು ಕಂಪ್ಯೂಟರುಗಳಲ್ಲಿ ಮಾತ್ರ ಇರಬಹುದು ಎಂಬುದು ಪರವಾನಗಿಯ ಕರಾರು. ಜನ ಕರಾರಿಗೆ ಬಗ್ಗುತ್ತಾರೆಯೇ? ಒಂದು ಪರವಾನಗಿ ಕೊಂಡು ಕಂಡಕಂಡ ಕಂಪ್ಯೂಟರಿಗೆಲ್ಲ ಹಾಕಿಕೊಂಡರು. ಅದಕ್ಕಾಗಿ ನಾದಬೀಗ ಬಂತು. ನಾಲ್ಕನೆಯ ಕಡೆ ಅದೇ ನಾದ ಎದ್ದರೆ ಅದರ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಇದು ಗಾಳಿಗೆ ಬಿಡುತ್ತದೆ. ಎರಡೂ ಸೇರಿ ಅಳಿಸಿಹೋಗುತ್ತವೆ. ಕೋಶದ ಕಂಪನಿಯವರು ಅದನ್ನು ಮನೆಮನೆಯ ಕರೆಂಟ್ ಮೀಟರಿನೊಳಗೂ ಕೂರಿಸಿದ್ದರು. ಕಳ್ಳನನ್ನು ಹಿಡಿಯುವ ಯಂತ್ರ; ಕಳ್ಳ ಯಾರೆಂದು ಕೇಳುವ ಬುದ್ಧಿಯನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ.

ಬಾಗಿಲಲ್ಲಿ ಒಬ್ಬ ಮುದುಕರು ನಿಂತಿದ್ದರು. ಕಂಕುಳಲ್ಲಿ ಪಿಟೀಲಿನ ಪೆಟ್ಟಿಗೆ.

"ಮೇಡಂ, ನನ್ನ ಪಿಟೀಲು ಮನೇಲಿ ನುಡೀತಿಲ್ಲ."

"ನೀವು ಯಾರು?"

"ಸುಂದರಪ್ಪ ಅಂತ. ಈಗ ನಿಂತೋಯ್ತಲ್ಲ, ಅದು ನಂದೇ. ಕೋಶಕ್ಕೆ ನುಡಿಸಿಕೊಟ್ಟಿದ್ದೆ."

ವಾಗ್ದೇವಿ ಕುರ್ಚಿ ಎಳೆದು ಕೊಟ್ಟರು. ಸುಂದರಪ್ಪ ಕೂರದೆ ಕೇಳಿದರು:

"ಬೇರೆ ಪಿಟೀಲು ತಗೊಂಡ್ರೆ?"

"ಆಗಲ್ಲ. ಬೀಗ ಗುರುತು ಹಿಡಿಯೋದು ನಿಮ್ಮ ಕಮಾನಿನ ಎಳೆತಾನ."

"ನಾಳೆ ಸಂಜೆ ಮನೇಲಿ ಪ್ರಾರ್ಥನೆ. ನಮ್ಮ ಮನೆಯೋಳು ತೀರ್ಕೊಂಡು ತಿಂಗಳಾಯ್ತು. ಅವಳಿಗೆ ಹಿಡಿಸಿದ ಕೀರ್ತನೆ ಒಂದು ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ."

ಇದನ್ನೆಲ್ಲ ಅವರು ರೈಲಿನ ವೇಳೆ ಹೇಳುವವರಂತೆ ಹೇಳಿದರು.

"ಒಂದು ಕಂಪ್ಯೂಟರ್ ಆಫ್ ಮಾಡಿಬಿಡಿ ಮತ್ತೆ."

"ಆಫ್ ಮಾಡಿದರೂ ಆ ಹಕ್ಕು ಇನ್ನೊಬ್ಬರಿಗೆ ಸಿಗೋಕೆ ವಾರ ಬೇಕು. ಇಲ್ಲಿ ಆಫ್ ಮಾಡಿ ಅಲ್ಲಿ ಹಾಕ್ಕೊಂಡು ಮೋಸ ಮಾಡ್ತಾರೆ ಅಂತ ನಾನೇ ಹಾಗೆ ಕಟ್ಟಿದ್ದು."

"ಮೀಟರ್ ಕಿತ್ತಾಕ್ಲಾ?"

"ಪಕ್ಕದ ಮನೆಯದು ಹಿಡಿಯುತ್ತೆ."

"ನಾನು ಕಳ್ಳನೇನಮ್ಮಾ?"

"ಅಯ್ಯೋ, ಹಾಗಲ್ಲ," ಎಂದರು ವಾಗ್ದೇವಿ. "ನೀವು ನಾಲ್ಕನೆಯವರು."

ಸುಂದರಪ್ಪ ತಲೆಯಾಡಿಸಿದರು. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಅವರು ಪೆಟ್ಟಿಗೆ ಎತ್ತಿಕೊಂಡು ಹೋದರು.

ಮರುದಿನ ಸಂಜೆ ವಾಗ್ದೇವಿ ಮಂಡಿ ಮೊಹಲ್ಲಾದಲ್ಲಿ ಸುಂದರಪ್ಪನವರ ಮನೆ ಹುಡುಕಿಕೊಂಡು ಹೋದರು. ಬೀಗ ತಪ್ಪಿಸಲು ಏನಾದರೂ ದಾರಿ ಸಿಕ್ಕೀತೆಂದು ಶಬ್ದಮಾಪಕವನ್ನೂ ಒಯ್ದಿದ್ದರು. ದಾರಿ ಇರಲಿಲ್ಲ, ತಮ್ಮ ಯಂತ್ರವನ್ನು ಅಷ್ಟು ಚೆನ್ನಾಗಿ ಕಟ್ಟಿದ್ದರು. ನಡುಮನೆಯಲ್ಲಿ ಹದಿನೈದು ಇಪ್ಪತ್ತು ಜನ. ಸಭಾಪಾಲಕರು ಬೈಬಲ್ ಓದಿ ಕೂತ ಮೇಲೆ ಸುಂದರಪ್ಪ ಎದ್ದು ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡರು.

ಮೊದಲ ಎಳೆತ ಚೂರು ಕೇಳಿಸಿತು. ಆಮೇಲೆ ಏನೂ ಇಲ್ಲ. ಕಮಾನು ಹೋಗುತ್ತಿತ್ತು, ಬರುತ್ತಿತ್ತು. ಬೆರಳುಗಳು ತಂತಿಯ ಮೇಲೆ ಓಡುತ್ತಿದ್ದವು. ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಸಾಕು ಮಾಡೋಕೆ ಹೇಳ್ರೀ," ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದರು.

ಸುಂದರಪ್ಪ ಸಾಕು ಮಾಡಲಿಲ್ಲ. ಮಗಳು ಸೆಲಿನ್ ಎದ್ದು ಹೋಗಿ, ಅಪ್ಪ ನುಡಿಸುತ್ತಿರುವಾಗಲೇ, ಪಿಟೀಲಿನ ಬೆನ್ನಿನ ಮರಕ್ಕೆ ಅಂಗೈ ತಾಗಿಸಿ ನಿಂತಳು.

"ಏನ್ ಮಾಡ್ತಿದ್ದೀಯೆ?" ಎಂದರು ಪಕ್ಕದ ಮನೆಯಾಕೆ.

"ಅಮ್ಮ ಕಿವಿ ಹೋದ ಮೇಲೆ ಹಿಂಗೇ ಕೇಳ್ತಿದ್ಲು ಕಣಕ್ಕ. ದಿನಾ ಸಂಜೆ. ಬನ್ನಿ, ಕೈಗೆ ಬರ್ತಿದೆ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಮುಟ್ಟಿದರು. ಮುಟ್ಟಿ ಹಾಗೇ ನಿಂತರು. ಆಮೇಲೆ ಸಭಾಪಾಲಕರು. ಆಮೇಲೆ ಒಬ್ಬೊಬ್ಬರೇ. ಯಾರೂ ಹೇಳದೆಯೇ ಸಾಲು ಕಟ್ಟಿತು. ಸುಂದರಪ್ಪ ಕೀರ್ತನೆಯನ್ನು ಕೊನೆ ಮುಟ್ಟಿಸಿ ಮತ್ತೆ ಮೊದಲಿಂದ ಎತ್ತಿಕೊಂಡರು. ಮುಖದಲ್ಲಿ ಅಳುವೂ ಇರಲಿಲ್ಲ, ಏನೂ ಇರಲಿಲ್ಲ.

ನಾದಬೀಗ ಅಳಿಸುತ್ತಿದ್ದದ್ದು ಗಾಳಿಯೊಳಗಿನ ಅಲೆಯನ್ನು. ಮರದೊಳಗಿನ ಅಲೆಯ ವಿಷಯ ಯಾರಿಗೂ ಹೊಳೆದಿರಲಿಲ್ಲ. ಪಿಟೀಲನ್ನು ಮುಟ್ಟಿ ಕೇಳುವವರು ಇರುತ್ತಾರೆಂದು ಯಾರು ಎಣಿಸುತ್ತಾರೆ?

ಕೊನೆಗೆ ವಾಗ್ದೇವಿ ಮುಂದೆ ಬಂದರು. ಎಡಗೈಯಲ್ಲಿದ್ದ ಮಾಪಕದ ಮೇಲೆ ಅಕ್ಷರಗಳು ಹಸಿರಾಗಿ ಹೊಳೆಯುತ್ತಿದ್ದವು: ಕೊಠಡಿ ನಿಶ್ಶಬ್ದ, ಉಲ್ಲಂಘನೆ ಇಲ್ಲ. ಬಲಗೈಯನ್ನು ಅವರು ಮರದ ಮೇಲಿಟ್ಟರು. ಏನೂ ತಿಳಿಯಲಿಲ್ಲ. ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಅದುಮಿದರು.

ಸುಂದರಪ್ಪ ಕಮಾನು ನಿಲ್ಲಿಸದೆ ಹೇಳಿದರು:

"ಒತ್ತಬೇಡಿ ಮೇಡಂ. ಒತ್ತಿದ್ರೆ ನಾದ ಸತ್ತೋಗುತ್ತೆ. ಸುಮ್ನೆ ಇಡಿ."