ದಾರ ಕಟ್ಟಿದ ಸೌತೆಕಾಯಿ

"ಕೆಮ್ಮಬೇಡ್ವೋ ಕಿರಣ! ಕಳ್ಳರು ಕೆಮ್ಮಲ್ಲ."

"ಗಂಟಲಿಗೆ ಪಟಾಕಿ ಹೊಗೆ ಹೋಗಿದೆ ಅಕ್ಕ. ನಾನೇನ್ ಮಾಡ್ಲಿ?"

"ನುಂಗು!"

ಕಿರಣ ನುಂಗಿದ. ಹೊಗೆಯನ್ನು ಹೇಗೆ ನುಂಗುತ್ತಾರೋ ಅವನಿಗೇ ಗೊತ್ತು. ಎರಡನೇ ಕ್ಲಾಸಿನ ಆ ಪೋರ ಬೇಲಿಯ ಬುಡದಲ್ಲಿ ಅಕ್ಕ ಸ್ವಾತಿಯ ಬೆನ್ನಿಗೆ ಅಂಟಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಬೇಲಿಯಾಚೆ ನೆರೆಮನೆಯ ಕೆರಿಯಮ್ಮಜ್ಜಿಯ ಹಿತ್ತಿಲು. ಹೊತ್ತು ಆಗಷ್ಟೇ ಮುಳುಗಿತ್ತು. ಕೇರಿಯ ಮನೆಗಳ ಮುಂದೆ ಹಣತೆಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

ಅವತ್ತು ಬೂರೆ ಹಬ್ಬದ ಸಂಜೆ. ಸಾಗರದ ಕಡೆ ದೀಪಾವಳಿ ಶುರುವಾಗುವುದೇ ಹೀಗೆ. ಈ ಒಂದು ದಿನ ಕಳ್ಳತನಕ್ಕೆ ಪರ್ಮಿಶನ್! ಯಾರ ಹಿತ್ತಿಲಿಗಾದರೂ ನುಗ್ಗಿ, ಸೌತೆಕಾಯಿಯೋ ಕುಂಬಳಕಾಯಿಯೋ ಎಳನೀರೋ ಕೈಗೆ ಸಿಕ್ಕಿದ್ದನ್ನು ಎಗರಿಸಬಹುದು. ಪೊಲೀಸರೂ ಇಲ್ಲ, ಜೈಲೂ ಇಲ್ಲ. ಬೆಳಗಾದರೆ ಕಾಯಿ ಕಳೆದುಕೊಂಡವರು ಬೀದಿಯಲ್ಲಿ ನಿಂತು ಬೈಯುತ್ತಾರೆ, ಕದ್ದವರು ಮೂಲೆಯಲ್ಲಿ ನಿಂತು ಕಿಸಿಕಿಸಿ ನಗುತ್ತಾರೆ. ಹಾಗೆ ಬೈಸಿಕೊಂಡರೆ ವರ್ಷವಿಡೀ ಹೊಟ್ಟೆನೋವು ಬರುವುದಿಲ್ಲವಂತೆ. ದೊಡ್ಡ ಹುಡುಗರು ಹೊರಡುವುದು ಊಟ ಮುಗಿದ ಮೇಲೆ. ಚಿಕ್ಕವರಿಗೆ ದೀಪ ಹಚ್ಚುವ ಹೊತ್ತು ಮಾತ್ರ.

ಸ್ವಾತಿಗೆ ಇದೆಲ್ಲ ಹೊಸತು. ಬೇಸಿಗೆ ರಜೆಯವರೆಗೂ ಅವರಿದ್ದದ್ದು ಜೋಗದ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ಸಾಗರದ ಈ ಕೇರಿಗೆ ಬಂದಿದ್ದರು. ಕ್ವಾರ್ಟರ್ಸಿನಲ್ಲಿ ಇದ್ದದ್ದು ಹೂವಿನ ಕುಂಡ, ಸಿಮೆಂಟಿನ ಅಂಗಳ. ಕದಿಯಲು ಬಳ್ಳಿಯಾದರೂ ಎಲ್ಲಿತ್ತು?

ಆದರೆ ಕಳ್ಳತನದ ಟ್ರೈನಿಂಗ್ ಮಾತ್ರ ಭರ್ಜರಿಯಾಗಿಯೇ ಆಗಿತ್ತು. ಅಪ್ಪನ ಮೊಬೈಲಿನಲ್ಲಿ ಅಕ್ಕ ತಮ್ಮ ಒಂದು ಕಾರ್ಟೂನ್ ಸಿನಿಮಾವನ್ನು ಮತ್ತೆ ಮತ್ತೆ ನೋಡಿದ್ದರು. ಟೋಪಿ ಹಾಕಿದ ಮುಂಗುಸಿ ಬಾಸ್, ಬೀಗ ತೆಗೆಯುವ ಎಮ್ಮೆ, ಕಾರು ಓಡಿಸುವ ಕೊಕ್ಕರೆ. ಎಂಥ ಚಂದದ ಕಳ್ಳರು! ಕದಿಯುತ್ತಲೇ ಜೋಕ್ ಹೊಡೆಯುವವರು. ಕೆಂಪು ಬೆಳಕಿನ ಗೆರೆಗಳ ಮಧ್ಯೆ ಇಟ್ಟಿದ್ದ ಹಳದಿ ವಜ್ರವನ್ನು ಅವರು ಹಾರಿಸಿಕೊಂಡು ಹೋಗುವಾಗ ಕಿರಣ ಪ್ರತಿ ಸಲವೂ ಹಾಸಿಗೆಯ ಮೇಲೆ ನಿಂತು ಕುಣಿಯುತ್ತಿದ್ದ.

ಈಗ ಸ್ವಾತಿಯೇ ಬಾಸ್. ತಲೆಗೆ ಅಪ್ಪನ ಮಂಕಿಕ್ಯಾಪ್. ಗ್ಯಾಂಗಿನ ಮೂರನೆಯವನು ಪಕ್ಕದ ಮನೆಯ ದುರ್ಗೇಶ್, ಆರನೇ ಕ್ಲಾಸು. ಅವನು ಕೇರಿಯ ತಿರುವಿನಲ್ಲಿ ಕಾವಲು ನಿಂತಿದ್ದ. ಯಾರಾದರೂ ಬಂದರೆ ಸಿಳ್ಳೆ ಹಾಕಬೇಕು. ಆದರೆ ಪಾಪ, ಸೈಕಲ್ಲಿನಿಂದ ಬಿದ್ದು ಮುಂದಿನ ಎರಡು ಹಲ್ಲು ಉದುರಿದ್ದವು, ಸಿಳ್ಳೆಯ ಬದಲು ಬರೀ ಗಾಳಿ ಬರುತ್ತಿತ್ತು.

ಸ್ವಾತಿ ಬೇಲಿಯಲ್ಲಿ ನುಸುಳಿದಳು, ಹಿಂದೆಯೇ ಕಿರಣ. ಚಪ್ಪರದ ಮೇಲೆ ಒಂದೇ ಒಂದು ಬಳ್ಳಿ. ಎಳೆಯ ಸೌತೆಕಾಯಿ ಅಲ್ಲೊಂದು ಇಲ್ಲೊಂದು ಇದ್ದವು. ಅವನ್ನು ಬಿಟ್ಟು ಅವಳ ಕಣ್ಣು ಒಳಗೆ, ಎಲೆಗಳ ಮರೆಯಲ್ಲಿ ನೇತಾಡುತ್ತಿದ್ದ ಒಂದು ದಪ್ಪ ಹಳದಿ ಕಾಯಿಯ ಮೇಲೆ ಬಿತ್ತು. ಅದರ ತೊಟ್ಟಿಗೆ ಕೆಂಪು ದಾರ ಸುತ್ತಿತ್ತು.

"ಅಕ್ಕ, ದಾರ!" ಕಿರಣ ಪಿಸುಗುಟ್ಟಿದ.

"ಅದೇ ಅಲಾರ್ಮ್ ಕಣೋ. ವಜ್ರಕ್ಕೂ ಹೀಗೇ ಇತ್ತಲ್ವಾ? ಕಾವಲು ಇರೋದನ್ನ ಕದ್ರೇನೇ ಬಾಸು."

ಅವಳು ದಾರ ಬಿಚ್ಚಿದಳು, ಕಾಯಿ ತಿರುಚಿ ಕಿತ್ತಳು. ದಾರವನ್ನು ಕಿರಣ ಮೆಡಲಿನ ಹಾಗೆ ಕೈಗೆ ಸುತ್ತಿಕೊಂಡ. ಇಬ್ಬರೂ ಓಡಿದರು.

ದುರ್ಗೇಶನ ಮನೆಯ ಕೊಟ್ಟಿಗೆಯ ಹಿಂದೆ ಕಾಯಿ ಹೋಳಾಯಿತು. ದುರ್ಗೇಶ ಒಂದು ಹೋಳು ಬಾಯಿಗಿಟ್ಟವನೇ ಥೂ ಎಂದು ಉಗಿದ. "ಎಂತ ಮಾರಾಯ್ತಿ ಇದು, ಹುಳಿಹುಳಿ! ಕತ್ತಲಲ್ಲಿ ಹಣ್ಣಾಗಿದ್ದನ್ನ ತಂದಿದೀಯಲ್ಲೇ."

ಕಿರಣ ತಿರುಳಿನೊಳಗೆ ಕೈ ಹಾಕಿ ಕಿವುಚಿ, ಆ ಕೈಯನ್ನು ತನ್ನ ನೀಲಿ ಅಂಗಿಗೆ ಒರೆಸಿಕೊಂಡ. ಮಿಕ್ಕಿದ್ದೆಲ್ಲ ಗೌರಿಯ ಬಾಯಿಗೆ ಹೋಯಿತು. ಗೌರಿ ಅಂದರೆ ದುರ್ಗೇಶನ ಮನೆಯ ಹಸು. ಅದಕ್ಕೆ ಹುಳಿಯೂ ಒಂದೇ, ಸಿಹಿಯೂ ಒಂದೇ. ಸಿಪ್ಪೆ, ತಿರುಳು, ಬೀಜ ಎಲ್ಲವನ್ನೂ ನುಂಗಿ ನಾಲಿಗೆಯಿಂದ ಮೂಗು ಒರೆಸಿಕೊಂಡಿತು.

ಮರುದಿನ ಸ್ವಾತಿ ಯಾರೂ ಎಬ್ಬಿಸದೆ ಎದ್ದಳು. ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಮಿಂದು, ಹಸಿ ಕೂದಲಲ್ಲೇ ಗೇಟಿಗೆ ಬಂದು ನಿಂತಳು. ಕೆರಿಯಮ್ಮಜ್ಜಿಯ ಬೈಗುಳ ಕೇಳಬೇಕಲ್ಲ! ಕೇರಿಗೆಲ್ಲ ಅಜ್ಜಿಯ ಬೈಗುಳವೇ ಫೇಮಸ್ ಎಂದು ದುರ್ಗೇಶ ಹೇಳಿದ್ದ. ಅದನ್ನು ಕೇಳಲಿಕ್ಕೇ ಜನ ಕಾಫಿ ಲೋಟ ಹಿಡಿದು ಹೊರಗೆ ಬರುತ್ತಾರಂತೆ.

ಜನ ಬಂದರು. ಲೋಟವೂ ಬಂತು. ಬೈಗುಳ ಮಾತ್ರ ಬರಲಿಲ್ಲ.

ಅಜ್ಜಿ ಚಪ್ಪರದ ಕೆಳಗೆ ಬಗ್ಗಿ ಓಡಾಡುತ್ತಿದ್ದರು. ಒಂದು ಎಲೆ ಎತ್ತಿ ನೋಡುವುದು, ಬಿಡುವುದು. ಇನ್ನೊಂದು ಎತ್ತುವುದು. ನೆಲದ ತರಗೆಲೆಯನ್ನು ಕಾಲಲ್ಲಿ ಸರಿಸುವುದು. ಮತ್ತೆ ಮೊದಲಿನ ಎಲೆಗೇ ಬರುವುದು.

"ಎಂತ ಕೆರಿಯಮ್ಮ, ಈ ಸಲ ಬೈಯಲ್ವಾ?" ಎದುರು ಮನೆಯ ಉಮೇಶಣ್ಣ ಕೂಗಿ ಕೇಳಿದರು. "ನಮ್ಗೆ ಹಬ್ಬ ಆದಂಗೇ ಆಗ್ಲಿಲ್ಲ!"

ಅಜ್ಜಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಸ್ವಾತಿಗೆ ಯಾಕೋ ಕಸಿವಿಸಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನದಿದ್ದರೂ ಇವಳ ಕೈ ಹೆಗಲಿಗೇ ಹೋಗುತ್ತಿತ್ತು. ದೋಸೆ ತಿನ್ನಲು ಕೂತಳು, ಅರ್ಧಕ್ಕೆ ಎದ್ದಳು. ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಎಂತದೇ ಅದು, ಅಂಗಾಲು ಸುಟ್ಟ ಬೆಕ್ಕಿನ ಹಾಗೆ!" ಅಮ್ಮ ಗದರಿದರು. "ಒಂದ್ಕಡೆ ಕೂತ್ಕೊಳ್ಳಕ್ಕೆ ಆಗಲ್ವಾ?"

ಆಗುತ್ತಿರಲಿಲ್ಲ. ಅಷ್ಟರಲ್ಲಿ ದುರ್ಗೇಶ ಬಂದ. ಕಿರಣ ಅವನಿಗೆ ಕೈ ಎತ್ತಿ ತೋರಿಸಿದ. "ನೋಡೋ ನನ್ ಮೆಡಲ್!"

ದುರ್ಗೇಶನ ಮುಖ ಬಿಳಿಚಿತು. "ಈ ದಾರ ಎಲ್ಲಿದು?"

"ವಜ್ರಕ್ಕೆ ಕಟ್ಟಿದ್ರು. ಅಕ್ಕ ಬಿಚ್ಚಿದ್ಲು."

"ಅಯ್ಯೋ ದೇವ್ರೇ!" ದುರ್ಗೇಶ ಸ್ವಾತಿಯ ಕೈ ಹಿಡಿದು ಮೂಲೆಗೆ ಎಳೆದ. "ದಾರ ಕಟ್ಟಿದ್ದನ್ನ ಯಾರಾದ್ರೂ ಕದೀತಾರೇನೇ? ಅದು ಬೀಜಕ್ಕೆ ಬಿಟ್ಟಿದ್ದು! ಇದನ್ನ ಮುಟ್ಬೇಡಿ ಅಂತ್ಲೇ ದಾರ ಕಟ್ಟೋದು. ಎಂಥ ಕಳ್ಳನೂ ಮುಟ್ಟಲ್ಲ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ನಂಗೆ ಯಾರು ಹೇಳಿದ್ರು?" ಸ್ವಾತಿ ಕೈ ಬಿಡಿಸಿಕೊಂಡಳು. "ಅಂಗಡೀಲಿ ಬೀಜ ಸಿಗತ್ತಲ್ವಾ? ತಂದು ಕೊಡೋಣ."

"ಅಂಗಡಿ ಬೀಜ ಅಲ್ವೇ ಅದು. ಮುಳುಗಡೆ ಆಯ್ತಲ್ಲ, ಡ್ಯಾಂ ಕಟ್ಟಿ ಇವ್ರ ಊರೆಲ್ಲ ನೀರೊಳಗೆ ಹೋಯ್ತಲ್ಲ, ಆವಾಗ ಕೆರಿಯಮ್ಮಜ್ಜಿ ಇಷ್ಟೇ ಇದ್ರಂತೆ, ನಮ್ಮ ಕಿರಣನಷ್ಟು. ಅಜ್ಜಿಯ ಅವ್ವ ಈ ಬೀಜನ ಸೆರಗಿಗೆ ಕಟ್ಕೊಂಡು ಬಂದಿದ್ದಂತೆ. ವರ್ಷಾ ವರ್ಷಾ ಬಿತ್ತಿ, ಒಂದು ಕಾಯಿ ಬೀಜಕ್ಕೆ ಬಿಡ್ತಾರೆ. ಈ ಸಲ ಮಳೆಗೆ ಎಲ್ಲಾ ಬಳ್ಳಿ ಕೊಳ್ತು ಸತ್ತೋಗಿ ಉಳ್ದಿದ್ದು ಅದೊಂದೇ ಬಳ್ಳಿ. ಅದೂ ಒಣಗ್ತಾ ಇದೆ, ಎಳೆಕಾಯಿ ಇನ್ನು ಬಲಿಯಲ್ಲ."

ಜೋಗದಲ್ಲಿದ್ದಾಗ ಅಪ್ಪ ಎಷ್ಟೋ ಸಲ ಡ್ಯಾಂ ತೋರಿಸಲು ಕರೆದುಕೊಂಡು ಹೋಗಿದ್ದರು. ಎಷ್ಟೊಂದು ನೀರು ಎಂದು ಸ್ವಾತಿ ಕುಣಿದಿದ್ದಳು, ಫೋಟೋ ತೆಗೆಸಿಕೊಂಡಿದ್ದಳು. ಅದರಡಿ ಯಾರದೋ ಹಿತ್ತಿಲು ಇತ್ತೆಂದು ಅವಳಿಗೆ ಹೊಳೆದಿರಲೇ ಇಲ್ಲ. ಆ ಹಿತ್ತಿಲಿನ ಬೀಜ ಈಗ ಗೌರಿಯ ಹೊಟ್ಟೆಯಲ್ಲಿ!

ಅವಳಿಗೆ ಅಳು ಒತ್ತಿಕೊಂಡು ಬಂತು. ಆಗಲೇ ಏನೋ ನೆನಪಾಗಿ ಕಣ್ಣರಳಿಸಿದಳು.

"ಕಿರಣ! ನಿನ್ನ ನೀಲಿ ಅಂಗಿ ಎಲ್ಲೋ?"

ಬಚ್ಚಲಿಗೆ ಓಡಿದಳು. ಅಮ್ಮ ಬಟ್ಟೆಗಳನ್ನೆಲ್ಲ ಸೋಪಿನ ನೀರಲ್ಲಿ ನೆನೆಸಿ ಇಟ್ಟಾಗಿತ್ತು. ಸ್ವಾತಿ ಬಕೆಟ್ಟಿಗೆ ಕೈ ಹಾಕಿ ಒಂದೊಂದೇ ಎತ್ತಿ ಕೆಳಗೆ ಹಾಕಿದಳು. ಅಪ್ಪನ ಪಂಚೆ. ಟವೆಲ್ಲು. ಅವಳದೇ ಫ್ರಾಕು. ನೀಲಿ ಅಂಗಿ ಇಲ್ಲ.

"ಎಲ್ಲಿಟ್ಟಿದೀಯೋ? ಹೇಳೋ!"

ಕಿರಣ ಗೋಡೆಗೆ ಒರಗಿ ಕಾಲಬೆರಳು ನೋಡುತ್ತ ಹೇಳಿದ, "ಕಲೆ ಆಗಿದೆ ಅಂತ ಅಮ್ಮ ಬೈತಾರಲ್ಲ... ಅದಕ್ಕೆ ಮಂಚದ ಕೆಳಗೆ ಬಚ್ಚಿಟ್ಟೆ."

ಜನ್ಮದಲ್ಲಿ ಮೊದಲ ಸಲ ತಮ್ಮನ ಕಳ್ಳಬುದ್ಧಿಗೆ ಅಕ್ಕ ಮುತ್ತು ಕೊಟ್ಟಳು.

ಮಂಚದ ಕೆಳಗೆ ಧೂಳಿನ ಮಧ್ಯೆ ಅಂಗಿ ಮುದುಡಿ ಬಿದ್ದಿತ್ತು. ಎದೆಯ ಹತ್ತಿರ ತಿರುಳು ಒಣಗಿ ಗಟ್ಟಿಯಾಗಿತ್ತು. ಅದರಲ್ಲಿ ಬಿಳಿ ಬಿಳಿ ಬೀಜಗಳು ಅಂಟಿಕೊಂಡಿದ್ದವು. ತುಂಬಾ ಏನಿಲ್ಲ. ಆದರೂ ಇದ್ದವು!

"ಐಡಿಯಾ!" ದುರ್ಗೇಶನ ಕಣ್ಣು ಮಿಂಚಿತು. "ಬಿಡಿಸಿ ಕಾಗದದಲ್ಲಿ ಕಟ್ಟಿ, ಸಂಜೆ ಅಜ್ಜಿ ದೀಪ ಹಚ್ಚಕ್ಕೆ ಒಳಗೆ ಹೋದಾಗ ಕಿಟಕಿಯಲ್ಲಿಟ್ಟು ಓಡಿ ಬರೋಣ. ಯಾರಂತ ಗೊತ್ತೇ ಆಗಲ್ಲ. ಸಿನಿಮಾ ತರ!"

ಮುಂಗುಸಿ ಬಾಸ್ ಆಗಿದ್ದರೆ ಹಾಗೇ ಮಾಡುತ್ತಿತ್ತು. ಟೋಪಿ ಎತ್ತಿ ಒಂದು ಜೋಕ್ ಕೂಡ ಹೊಡೆಯುತ್ತಿತ್ತು. ಸ್ವಾತಿ ಹೂಂ ಅನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಕಿಟಕಿಯಾಚೆ ಕಣ್ಣು ಹೋಯಿತು. ಕೆರಿಯಮ್ಮಜ್ಜಿ ಮತ್ತೆ ಹಿತ್ತಿಲಿಗೆ ಬಂದಿದ್ದರು. ಮತ್ತೆ ಅದೇ ಎಲೆ ಎತ್ತಿ ನೋಡುತ್ತಿದ್ದರು.

ಸಂಜೆಯವರೆಗೆ ಅಜ್ಜಿ ಹೀಗೇ ಹುಡುಕುತ್ತಿರುತ್ತಾರಾ?

"ನಾನು ಈಗ್ಲೇ ಹೋಗ್ತೀನಿ" ಎಂದಳು ಸ್ವಾತಿ.

"ಗೇಟಿಂದಾ? ಹುಚ್ಚು ಹಿಡಿದಿದ್ಯಾ? ಸಿಕ್ಕಿಹಾಕ್ಕೊಳ್ತೀಯ ಮಾರಾಯ್ತಿ!"

ಅವಳು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟಾಗಿತ್ತು. ಹಿಂದೆ ಕಿರಣ. ಅವನ ಹಿಂದೆ ಗೊಣಗುತ್ತ ದುರ್ಗೇಶ.

ಸ್ವಾತಿ ಅಜ್ಜಿಯ ಮುಂದೆ ಹೋಗಿ ನಿಂತಳು. ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಎಲ್ಲೋ ಹೋಯಿತು. "ಅಜ್ಜಿ, ನಾನೇ ಕದ್ದಿದ್ದು. ದಾರ ಯಾಕೆ ಅಂತ ಗೊತ್ತಿರ್ಲಿಲ್ಲ. ಇಷ್ಟೇ ಉಳಿದಿದ್ದು" ಎಂದು ಒಂದೇ ಉಸಿರಿಗೆ ಹೇಳಿ ಅಂಗಿ ಚಾಚಿದಳು.

ಅಜ್ಜಿ ಅಂಗಿ ತೆಗೆದುಕೊಂಡರು. ಜಗುಲಿಯ ಬಿಸಿಲಿನಲ್ಲಿ ಕೂತು, ನೀರು ಚಿಮುಕಿಸಿ, ಒಂದೊಂದೇ ಬೀಜವನ್ನು ಉಗುರಿನಿಂದ ಬಿಡಿಸಿದರು. ಪ್ರತಿಯೊಂದನ್ನೂ ಬೆರಳಲ್ಲಿ ಒತ್ತಿ ನೋಡಿದರು. "ಜೊಳ್ಳು" ಎಂದು ಒಂದನ್ನು ಎಸೆದರು. "ಇದೂ ಜೊಳ್ಳು." ಸ್ವಾತಿ ಅಂಗಿಯಲ್ಲಿ ಉಳಿದಿದ್ದನ್ನು ಎಣಿಸಿದಳು. ಇನ್ನೊಂದನ್ನು ಒತ್ತಿದರು. ಮತ್ತೂ ಒತ್ತಿದರು.

"ಗಟ್ಟಿ ಇದೆ" ಎಂದರು.

ಆಮೇಲೆ ಇನ್ನೊಂದು ಗಟ್ಟಿ. ಮತ್ತೊಂದು. ಅಜ್ಜಿಯ ಅಂಗೈಯಲ್ಲಿ ಒಂದು ಚಿಟಿಕೆಯಷ್ಟು ಬೀಜ ಸೇರಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ದಡಕ್ಕನೆ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಇಡೀ ಕೇರಿಗೆ ಕೇಳುವಂತೆ ಶುರು ಮಾಡಿದರು.

"ಕಳ್ಳ ಬೆಕ್ಕುಗಳಾ! ನಿಮ್ಮ ಹಲ್ಲು ಉದ್ರಿಹೋಗ್ಲಿ! ನಿಮ್ಮ ನಾಲ್ಗೆ ಮೇಲೆ ಹಾಗಲಕಾಯಿ ಬೆಳೀಲಿ! ಬೀಜದ ಕಾಯಿಗೇ ಬಾಯಿ ಹಾಕಿದ್ರಲ್ಲ, ನಿಮ್ಮ ಹೊಟ್ಟೇಲಿ ಬಳ್ಳಿ ಹುಟ್ಟಿ ಕಿವೀಲಿ ಕಾಯಿ ಬಿಡ್ಲಿ!"

"ನನ್ನ ಹಲ್ಲು ಆಗ್ಲೇ ಉದುರಿದೆ ಅಜ್ಜಿ" ಎಂದ ದುರ್ಗೇಶ.

"ಇನ್ನೂ ಉದ್ರಲಿ!"

"ಬೈದ್ರು ಬೈದ್ರು!" ಎದುರು ಮನೆಯಲ್ಲಿ ಉಮೇಶಣ್ಣ ಚಪ್ಪಾಳೆ ತಟ್ಟಿದರು. ಕಿರಣ ಎರಡೂ ಕಿವಿ ಮುಟ್ಟಿ ನೋಡಿಕೊಂಡ. ಸ್ವಾತಿಗೆ ನಗು ಬಂತು, ನಗುತ್ತಿದ್ದಂತೆ ಬೆಳಗಿನಿಂದ ತಡೆದಿದ್ದ ಅಳುವೂ ಬಂತು. ಅಜ್ಜಿ ಬೈಯುತ್ತಲೇ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಸೀರೆಗೆ ಹೊಗೆಯ ವಾಸನೆ ಇತ್ತು.

ಬೈದು ಮುಗಿದ ಮೇಲೆ ಅಜ್ಜಿ ಸಗಣಿ, ಒಲೆಬೂದಿ ತಂದು ಕಲಸಿದರು. ಬೀಜವನ್ನು ಅದರಲ್ಲಿಟ್ಟು ಉಂಡೆ ಮಾಡಿ, ಹುಳ ಹಿಡಿಯದಂತೆ ಅಡಿಗೆಮನೆಯ ಗೋಡೆಗೆ ಬಡಿಯಲು ಸ್ವಾತಿಗೇ ಹೇಳಿದರು. ಗೋಡೆಯ ತುಂಬ ಹಿಂದಿನ ವರ್ಷಗಳ ಉಂಡೆ ಕಿತ್ತ ಕಲೆಗಳು ಒಂದರ ಪಕ್ಕ ಒಂದಿದ್ದವು. ಸ್ವಾತಿ ಖಾಲಿ ಜಾಗ ಹುಡುಕಿ ಮೆಲ್ಲಗೆ ಒತ್ತಿದಳು.

"ಹಂಗಲ್ಲ ಕೂಸೇ, ಜೋರಾಗಿ ಬಡಿ. ಮಳೆಗಾಲದವರೆಗೂ ನಿಲ್ಬೇಕು."

ಹೊರಡುವಾಗ ಅಜ್ಜಿ ಒಂದು ಚಿಕ್ಕ ಉಂಡೆಯನ್ನು ಅವಳ ಕೈಗಿಟ್ಟರು. "ನಿಮ್ಮನೆ ಗೋಡೆಗೂ ಒಂದಿರ್ಲಿ. ಎರಡು ಕಡೆ ಇದ್ರೆ ಕಳ್ಳರಿಗೆ ಕಷ್ಟ."

ಆ ಸಂಜೆ ಕಿರಣ ಅಪ್ಪನ ಮೊಬೈಲು ಹಿಡಿದು ಬಂದು ಅಕ್ಕನ ಪಕ್ಕ ಒರಗಿದ. ಮುಂಗುಸಿ ಬಾಸ್ ಟೋಪಿ ಸರಿಮಾಡಿಕೊಂಡು ಕಿಟಕಿಯಿಂದ ಇಳಿಯುತ್ತಿತ್ತು.

"ಕಿರಣ, ಆ ವಜ್ರ ಯಾರದ್ದೋ?" ಸ್ವಾತಿ ಕೇಳಿದಳು.

"ಯಾರದ್ದೋ. ಅವ್ರನ್ನ ತೋರ್ಸಲ್ಲ ಅಕ್ಕ. ಸುಮ್ನೆ ನೋಡು, ಈಗ ಓಡ್ತಾರೆ."

ಕಳ್ಳರು ಓಡಿದರು. ಕಿರಣ ಎಂದಿನಂತೆ ಹಾಸಿಗೆಯ ಮೇಲೆ ನಿಂತು ಕುಣಿದ. ಸ್ವಾತಿ ಮಾತ್ರ ಪರದೆಯಲ್ಲಿ ಆ ಕಿಟಕಿಯನ್ನೇ ನೋಡುತ್ತಿದ್ದಳು. ಒಳಗಿನಿಂದ ಯಾರಾದರೂ ಬಂದು ಹೊರಗೆ ಇಣುಕುತ್ತಾರೇನೋ ಎಂದು ಕಾದಳು. ಯಾರೂ ಬರಲಿಲ್ಲ, ಸಿನಿಮಾ ಮುಂದೆ ಹೋಯಿತು.

ಅವಳು ಎದ್ದು ಕಿರಣನ ಕೈಯಿಂದ ಕೆಂಪು ದಾರ ಬಿಚ್ಚಿಕೊಂಡಳು. ಅಡಿಗೆಮನೆಗೆ ಹೋಗಿ, ಮಧ್ಯಾಹ್ನ ಗೋಡೆಗೆ ಬಡಿದಿದ್ದ ಅಜ್ಜಿಯ ಉಂಡೆಯ ಪಕ್ಕದ ಮೊಳೆಗೆ ಅದನ್ನು ಗಂಟು ಹಾಕಿ ಕಟ್ಟಿದಳು.