ಪಕ್ಕದ ಮನೆ ಮಾರಾಟಕ್ಕಿದೆ

“ಛಾವಣಿ ಒಳಗೆ ಪೋಸಮ್ ಇದೆ,” ಎಂದಳು ವಿಕಾ. “ಬೆಕ್ಕಿನಷ್ಟಿದೆ. ರಾತ್ರಿಯೆಲ್ಲಾ ದಡದಡ ಓಡಾಡತ್ತೆ.”

ಬಿಳಿ ಪ್ಯಾಂಟ್ ತೊಟ್ಟಿದ್ದ ಹೆಂಗಸು ಗೇಟಿನಲ್ಲೇ ನಿಂತರು. “ನಿಜವಾಗ್ಲೂ?”

“ಬಾತ್‌ರೂಮ್ ನೆಲ ಕುಸಿದಿದೆ. ಮಳೆ ಬಂದ್ರೆ ಮೇಲಿನ ರೂಮಲ್ಲಿ ಬಕೆಟ್ ಇಡ್ಬೇಕು.”

ಹೆಂಗಸು ಗಂಡನ ಮುಖ ನೋಡಿದರು. ಇಬ್ಬರೂ ಒಳಗೆ ಹೋಗದೆ ಕಾರಿನತ್ತ ನಡೆದರು. ವಿಕಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮ್ಯಾರಿಕ್‌ವಿಲ್ ಬಡಾವಣೆಯ ಆ ಬೀದಿಯಲ್ಲಿ ಹಳೆಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಪಕ್ಕದ ಮನೆಯ ಕಾಯಿಲೆ ಕಸಾಲೆಯೆಲ್ಲ ಈ ಮನೆಯವರಿಗೆ ಗೊತ್ತಿರುತ್ತದೆ. ಗ್ರೀಕ್ ಅಜ್ಜಿ ಸ್ತಾವ್ರೂಲಾ ಮಗಳ ಮನೆಗೆ ಹೋದ ಮೇಲೆ ಅವರ ಮನೆ ಖಾಲಿಯಾಗಿತ್ತು. ಈಗ ಮುಂದೆ ಬೋರ್ಡು ನೆಟ್ಟಿದ್ದರು. ಶನಿವಾರ ಬಂತೆಂದರೆ ಮನೆ ನೋಡಲು ಜನ ಬರುತ್ತಿದ್ದರು.

ಯಾರೂ ಕೊಳ್ಳಬಾರದು ಎಂಬುದೇ ವಿಕಾಳ ಆಸೆ. ಆ ಮನೆಯ ಹಿತ್ತಲಿನಲ್ಲಿ ಅವಳ ತಾತ ಕೆಸು ಬೆಳೆದಿದ್ದರು. ಟೋಂಗಾ ದ್ವೀಪದಿಂದ ಬಂದ ತಾತನಿಗೆ ಸ್ವಂತ ಹಿತ್ತಲು ಎಂದರೆ ಸಿಮೆಂಟು ಬಳಿದ ಒಂದು ಚೌಕ. “ನನ್ನ ಕೈಲಿ ಅಗೆಯೋಕಾಗಲ್ಲ, ನೀವೇ ಏನಾದ್ರೂ ಹಾಕ್ಕೊಳ್ಳಿ” ಎಂದು ಅಜ್ಜಿಯೇ ನಡುವಿನ ಬೇಲಿಯ ಹಲಗೆ ತೆಗೆಸಿದ್ದರು. ಭಾನುವಾರ ಚರ್ಚಿನಿಂದ ಬಂದ ಮೇಲೆ ತಾತನಿಗೆ ‘ಲೂ’ ಬೇಕೇ ಬೇಕು. ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನ ಹಾಲು ಹಾಕಿ ಮಡಿಸಿ ಬೇಯಿಸುವ ಲೂ ಇಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಮನೆ ತೋರಿಸುವ ಏಜೆಂಟ್ ಮಾತ್ರ ಆ ಕೆಸುವಿನ ಪಾತಿಗೆ “ಟ್ರಾಪಿಕಲ್ ಗಾರ್ಡನ್” ಎಂದು ಹೆಸರಿಟ್ಟಿದ್ದ.

ಮುಂದೆ ಬಂದವರು ದಪ್ಪ ಮೀಸೆಯ ಒಬ್ಬ ಅಪ್ಪ ಮತ್ತು ವಿಕಾಳದೇ ವಯಸ್ಸಿನ ಹುಡುಗ.

“ಛಾವಣಿ ಒಳಗೆ ಪೋಸಮ್ ಇದೆ,” ಎಂದಳು.

“ಮರಿ ಇದೆಯಾ?” ಕೇಳಿದ ಹುಡುಗ.

“ಬಾತ್‌ರೂಮ್ ನೆಲ ಕುಸಿದಿದೆ.”

“ಪೂರ್ತಿನಾ?” ಅಪ್ಪ ಕಣ್ಣರಳಿಸಿದರು. “ನಾನು ಟೈಲ್ಸ್ ಹಾಕೋನು ಕಣಮ್ಮ. ಇನ್ನೇನೇನು ಹಾಳಾಗಿದೆ, ಹೇಳು ಹೇಳು.”

ವಿಕಾ ಚರಂಡಿ, ಗೆದ್ದಲು ಎಲ್ಲ ಹೇಳಿದಳು. ಹೇಳಿದಷ್ಟೂ ಅವರ ಮುಖ ಅರಳಿತು.

“ಕೇಳಿದ್ಯಾ ಜಾದ್? ಇಷ್ಟು ಹಾಳಾಗಿದ್ರೆ ಬೇರೆ ಯಾರೂ ಕೈ ಹಾಕಲ್ಲ. ನಮಗೇ ಸಿಗತ್ತೆ ಕಣೋ.”

ಹಾಗೇ ಆಯಿತು. ಹರಾಜಿನ ದಿನ ಬೀದಿಯವರೆಲ್ಲ ಕಾಫಿ ಹಿಡಿದು ರಸ್ತೆಗೆ ಬಂದರು. ಅವರಲ್ಲಿ ಕೊಳ್ಳುವವರು ಯಾರೂ ಇಲ್ಲ, ತಮಾಷೆ ನೋಡಲಷ್ಟೇ. ಹರಾಜಿನವನು ಬಾಯಿ ತೆರೆದಾಗಲೆಲ್ಲ ತಲೆಯ ಮೇಲೆ ವಿಮಾನ ಹೋಗಿ ಅವನ ಮಾತು ನುಂಗುತ್ತಿತ್ತು. ಬೆಲೆ ಕೂಗಿದವರು ಇಬ್ಬರೇ. ಮನೆ ಜಾದ್‌ನ ಅಪ್ಪ ಫಾದಿಯ ಪಾಲಾಯಿತು. ಜಾದ್‌ನ ಅಮ್ಮ ಹನಾನ್ ಫುಟ್‌ಪಾತಿನಲ್ಲೇ ಕೂತು ಅತ್ತರು, ಅಳುತ್ತಲೇ ನಕ್ಕರು.

ಬೇರೆಯವರನ್ನೆಲ್ಲ ಓಡಿಸಿ ಇವರಿಗೆ ಮನೆ ಕೊಡಿಸಿದ್ದು ತಾನೇ ಎಂದು ವಿಕಾಳಿಗೆ ಆಗ ಹೊಳೆಯಿತು. ತನ್ನ ಬಾಯಿಗೆ ತಾನೇ ಬೈದುಕೊಂಡಳು.

ಕೀಲಿ ಕೈಗೆ ಬಂದ ದಿನವೇ ಫಾದಿ ಹಿತ್ತಲಿನಲ್ಲಿ ಗೂಟ ಹೊಡೆದು ದಾರ ಕಟ್ಟಿದರು. ಅಡುಗೆಮನೆಯನ್ನು ಅಲ್ಲಿಯವರೆಗೆ ದೊಡ್ಡದು ಮಾಡುವುದಂತೆ. ತಾತನ ಕೆಸುವೆಲ್ಲ ದಾರದ ಒಳಗೆ ಸೇರಿಹೋಯಿತು.

“ಈ ಕಳೆಯೆಲ್ಲ ನಾಳೆ ಕಿತ್ ಹಾಕ್ತೀವಿ,” ಎಂದ ಜಾದ್, ಬೇಲಿಯ ಸಂದಿಯಿಂದ ನೋಡುತ್ತಿದ್ದ ವಿಕಾಳಿಗೆ.

ಅವಳು ಓಡಿಹೋಗಿ ತಾತನಿಗೆ ಹೇಳಿದಳು. ತಾತ ಸಿಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಗುದ್ದಲಿ, ಬಕೆಟ್ ತೆಗೆದುಕೊಂಡು ಬೇಲಿ ದಾಟಿದರು.

“ತಾತ, ಅದೀಗ ಅವರ ಮನೆ.”

“ಮಣ್ಣು ಅವರದು. ಕೆಸು ನಮ್ಮದಲ್ವಾ? ಬಾ, ಬಕೆಟ್ ಹಿಡಿ.”

ನಾಲ್ಕು ಬುಡ ಕೀಳುವಷ್ಟರಲ್ಲಿ ಹಿಂಬಾಗಿಲು ಕಿರ್ರೆಂದಿತು. “ಯಾರದು ನಮ್ಮ ಹಿತ್ತಲಲ್ಲಿ?” ಎನ್ನುತ್ತ ಫಾದಿ ಹೊರಗೆ ಬಂದರು.

“ಮಣ್ಣೆಲ್ಲ ಇಲ್ಲೇ ಉದುರಿಸಿದೀನಿ, ಬೇಕಾದ್ರೆ ನೋಡ್ಕೊಳ್ಳಿ,” ಎಂದರು ತಾತ, ಗಂಭೀರವಾಗಿ.

ಫಾದಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಹಿಂದೆಯೇ ಬಂದ ಹನಾನ್ ಬಗ್ಗಿ ಬಕೆಟ್ಟಿನಿಂದ ಒಂದು ಗೆಡ್ಡೆ ಎತ್ತಿಕೊಂಡರು.

“ಇದು ಕುಲ್ಕಾಸ್ ಅಲ್ವಾ? ಲೆಬನಾನ್‌ನಲ್ಲಿ ನಮ್ಮಮ್ಮ ಎಳ್ಳು ಅರೆದು ಹಾಕಿ ಮಾಡ್ತಿದ್ರು. ಅಂಗಡೀಲಿ ಗೆಡ್ಡೆ ನೋಡಿದೀನೇ ಹೊರತು ಇದರ ಎಲೆ ಇಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ. ಯಜಮಾನ್ರೇ, ನೀವು ಬೆಳೆದಿದ್ದಾ?”

“ಈ ಹುಡುಗಿ ಹುಟ್ಟೋಕೆ ಮುಂಚಿಂದ,” ಎಂದರು ತಾತ.

ಫಾದಿ ವಿಕಾಳ ಕಡೆ ತಿರುಗಿದರು. “ಪೋಸಮ್ ಹೇಳ್ದೆ, ಗೆದ್ದಲು ಹೇಳ್ದೆ, ಚರಂಡಿ ಹೇಳ್ದೆ. ಇದನ್ನ ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ಕಿತ್ ಹಾಕ್ತೀರಾ ಅಂತ.”

“ಹೇಳ್ದೇ ಇದ್ದಿದ್ದಕ್ಕೇ ಅಲ್ವಾ ಕೀಳೋಕೆ ಹೊರಟಿದ್ದು?”

ವಿಕಾ ಬಕೆಟ್ಟಿನೊಳಗಿನ ಗೆಡ್ಡೆ ಎಣಿಸತೊಡಗಿದಳು.

ಹನಾನ್ ದಾರವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. “ಇಷ್ಟು ದೊಡ್ಡ ಅಡುಗೆಮನೆ ಕಟ್ಟಿ ಏನು ಬೇಯಿಸ್ತೀಯ ಫಾದಿ? ಟೈಲ್ಸಾ?”

ಜಾದ್ ಕಿಸಕ್ಕನೆ ನಕ್ಕ.

“ಮತ್ತೆ ಟೇಬಲ್ ಎಲ್ಲಿಡೋದು?” ಎಂದು ಗೊಣಗುತ್ತಲೇ ಫಾದಿ ಗೂಟ ಕಿತ್ತು, ಎರಡು ಸಾಲು ಬಿಟ್ಟು ಮನೆಯ ಕಡೆಗೆ ನೆಟ್ಟರು. “ಇಷ್ಟು ಬಿಟ್ರೆ ಸಾಕಾ?”

“ಸಾಕು, ಸಾಕು,” ಎಂದರು ತಾತ. ತಾತನಿಗೆ ಯಾರು ಎಷ್ಟು ಕೊಟ್ಟರೂ ಸಾಕು.

ನಲ್ಲಿಯ ಪಕ್ಕದ ಸಾಲು ಇನ್ನೂ ದಾರದ ಒಳಗೇ ಇತ್ತು. ಭಾನುವಾರದ ಲೂಗೆ ತಾತ ಮೊದಲು ಎಲೆ ಕೊಯ್ಯುತ್ತಿದ್ದದ್ದು ಆ ಸಾಲಿನಿಂದಲೇ. ಕೇಳಲು ವಿಕಾಳಿಗೆ ಭಯವಾಯಿತು. ಗೇಟಿನಲ್ಲಿ ನಿಂತು ಅಷ್ಟು ಜನರನ್ನು ಹೆದರಿಸುವಾಗ ಒಂದು ಸಲವೂ ಹೀಗಾಗಿರಲಿಲ್ಲ.

“ಅಂಕಲ್, ಆ ನಲ್ಲಿ ಹತ್ರ ಇರೋ ಸಾಲಲ್ಲೇ ಒಳ್ಳೇ ಎಲೆ ಬರೋದು. ಅದನ್ನೂ ಬಿಡ್ತೀರಾ?”

ಫಾದಿ ಕೆಸುವಿನ ಸಾಲು ನೋಡಿದರು. ಅಡುಗೆಮನೆ ಬರಬೇಕಾಗಿದ್ದ ಜಾಗ ನೋಡಿದರು. ಮೀಸೆ ಉಜ್ಜಿಕೊಂಡರು. ಆಮೇಲೆ ಬಗ್ಗಿ, ಈಗಷ್ಟೇ ನೆಟ್ಟಿದ್ದ ಗೂಟವನ್ನು ಮತ್ತೆ ಕಿತ್ತರು.

“ಹೂಂ, ದಾರದ ಆ ತುದಿ ಹಿಡ್ಕೊ. ಬಿಗಿಯಾಗಿ ಹಿಡೀಬೇಕು, ಜೋತು ಬೀಳಬಾರದು.”

ವಿಕಾ ದಾರದ ತುದಿ ಹಿಡಿದು, ನಲ್ಲಿಯನ್ನು ದಾಟಿ ಮನೆಯ ಕಡೆಗೆ ಬಂದು ನಿಂತಳು.